ಮೂರು ವರ್ಷದ ಮಗುವಿನ ಮೇಷ್ಟ್ರಿಗೆ ಎಷ್ಟು ಓದು ಬೇಕು?

ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಸ್ನಾತಕೋತ್ತರ ಪದವಿ ಬೇಕು. ಹೈಸ್ಕೂಲಿಗಾದರೆ ಬಿ.ಎಡ್. ಬೇಕು. ಪ್ರಾಥಮಿಕ ಶಾಲೆಗೆ ಎರಡು ವರ್ಷದ ಡಿಪ್ಲೊಮಾ. ಇನ್ನು ಮೂರು ವರ್ಷದ ಮಗುವಿನ ಮುಂದೆ ಕೂರುವವರಿಗೆ? 'ಅದಕ್ಕೇನು ಮಹಾ ಓದು ಬೇಕು, ನಾಲ್ಕು ಮಕ್ಕಳನ್ನು ಆಡಿಸಿ ಗೊತ್ತಿದ್ದರೆ ಸಾಲದೇ?' ಎಂಬ ಉತ್ತರ ನಮ್ಮಲ್ಲಿ ಸಿದ್ಧವಾಗಿಯೇ ಇರುತ್ತದೆ. ಮಗು ಚಿಕ್ಕದಾದಷ್ಟೂ ಅದಕ್ಕೆ ಕಲಿಸುವವರ ಓದೂ ಚಿಕ್ಕದಾಗಿದ್ದರೆ ಸಾಕು ಎಂಬುದು ನಮ್ಮ ಸಮಾಜದ ಲೆಕ್ಕಾಚಾರ.

ಶಿಶು ಶಿಕ್ಷಣದ ಚರಿತ್ರೆಯ ಪುಟಗಳನ್ನು ತಿರುವಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಈ ಕ್ಷೇತ್ರವನ್ನು ಕಟ್ಟಿದ ಹಿರಿಯರೆಲ್ಲ ಮಕ್ಕಳ ಶಾಲೆಯ ಬೆನ್ನಿಗೇ ಶಿಕ್ಷಕರ ಶಾಲೆಯನ್ನೂ ತೆರೆದರು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟ. ತೋಟವೆಂದ ಮೇಲೆ ತೋಟಗಾರರು ಬೇಕಲ್ಲ? ತನ್ನ ಕೊನೆಯ ವರ್ಷಗಳನ್ನು ಆತ ಬಹುಮಟ್ಟಿಗೆ ತರುಣಿಯರನ್ನು ಈ ಕೆಲಸಕ್ಕೆ ಅಣಿಗೊಳಿಸುವುದರಲ್ಲೇ ಕಳೆದ. 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡ. 1860ರಲ್ಲಿ ನಿಷೇಧ ತೆರವಾಗುವವರೆಗೂ ಆ ವಿಚಾರವನ್ನು ದೇಶದಿಂದ ದೇಶಕ್ಕೆ ಹೊತ್ತು ಬದುಕಿಸಿದವರಲ್ಲಿ ಅವನಿಂದ ಕಲಿತ ಹೆಣ್ಣುಮಕ್ಕಳೂ ಇದ್ದರು. ಬಾಗಿಲು ಮುಚ್ಚಿಸಬಹುದು, ಕಲಿತದ್ದನ್ನು ಮರೆಸುವುದು ಹೇಗೆ?

ವಕೀಲ ಕಟ್ಟಿದ ಬಾಲಮಂದಿರ

ನಮ್ಮ ದೇಶದಲ್ಲಿ ಈ ಕತೆ ಗುಜರಾತಿನ ಭಾವನಗರದಿಂದ ಆರಂಭಿಸುವುದು ವಾಡಿಕೆ. ಗಿಜುಭಾಯಿ ಬಧೇಕಾ (1885-1939) ವೃತ್ತಿಯಿಂದ ವಕೀಲರು. ತಮ್ಮ ಮಗನನ್ನು ಹೇಗೆ ಬೆಳೆಸಬೇಕೆಂಬ ಚಿಂತೆಯಲ್ಲಿದ್ದಾಗ ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿಯವರ ಬರಹ ಅವರ ಕೈಗೆ ಬಿತ್ತು. ವಕೀಲಿಕೆಯನ್ನು ಬಿಟ್ಟು 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರ ಶುರುವಾಯಿತು. ಮೀಸೆ ಹೊತ್ತ ಈ ಗಂಡಸನ್ನು ಜನ ಪ್ರೀತಿಯಿಂದ 'ಮೀಸೆಯ ತಾಯಿ' ಎಂದು ಕರೆದರು.

ಮಾಂಟೆಸ್ಸರಿ ಪದ್ಧತಿಯನ್ನು ಗಿಜುಭಾಯಿ ಕಣ್ಣುಮುಚ್ಚಿ ಒಪ್ಪಲಿಲ್ಲ. ಎಳೆಯ ಮಕ್ಕಳಿಗೆ ಕಾಲ್ಪನಿಕ ಕತೆಗಳನ್ನು ಹೇಳುವ ವಿಚಾರದಲ್ಲಿ ಮಾಂಟೆಸ್ಸರಿಯವರಿಗೆ ಅನುಮಾನವಿತ್ತು. ಗಿಜುಭಾಯಿಯವರಿಗೋ ಕತೆಯೇ ಮಗುವಿನ ಮನೆಯ ಹೆಬ್ಬಾಗಿಲು. ಜಾನಪದ ಕತೆ, ಹಾಡು, ನಾಟಕ, ಮಣ್ಣಿನ ಕೆಲಸ ಎಲ್ಲಕ್ಕೂ ಬಾಲಮಂದಿರದಲ್ಲಿ ಜಾಗ ಸಿಕ್ಕಿತು. ಹೊಡೆತ ಬೇಡ, ಬಹುಮಾನದ ಆಸೆಯೂ ಬೇಡ ಎಂಬುದು ಅವರ ನಿಲುವು.

ಹೇಳಲು ಇದು ಸುಲಭ. ತಾನೇ ಹೊಡೆತ ತಿಂದು ಕಲಿತ ಮೇಷ್ಟ್ರು ಹೊಡೆಯದೆ ಕಲಿಸುವುದನ್ನು ಎಲ್ಲಿ ಕಲಿಯಬೇಕು? ಈ ಪ್ರಶ್ನೆಗೆ ಉತ್ತರವಾಗಿ 1925ರಲ್ಲಿ ಅಧ್ಯಾಪನ ಮಂದಿರ ಹುಟ್ಟಿತು. ಬಾಲಮಂದಿರದ ಜೊತೆಯಲ್ಲೇ ಶಿಕ್ಷಕರ ತರಬೇತಿ ನಡೆಯಿತು. ಪುಸ್ತಕದಲ್ಲಿ ಓದಿದ್ದನ್ನು ಪಕ್ಕದಲ್ಲೇ ಆಡುತ್ತಿರುವ ಮಗುವಿನ ಮೇಲೆ ಒರೆ ಹಚ್ಚಿ ನೋಡುವ ಅವಕಾಶ ಅಲ್ಲಿತ್ತು.

ಗಿಜುಭಾಯಿಯವರ ಜೊತೆಗೆ ನಿಂತವರು ತಾರಾಬಾಯಿ ಮೋಡಕ್. 1914ರಷ್ಟು ಹಿಂದೆಯೇ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದಿದ್ದ ಅವರು ರಾಜಕೋಟೆಯ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅಂಥ ಹುದ್ದೆಯನ್ನು ಬಿಟ್ಟು 1923ರಲ್ಲಿ ಶಿಶುಗಳ ಕೆಲಸಕ್ಕೆ ಬಂದರು. ಇವರಿಬ್ಬರ ಪ್ರಯತ್ನದಿಂದ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಆರಂಭವಾಯಿತು. ಪದವಿ ಪಡೆದವರು ಮಕ್ಕಳನ್ನು ಆಡಿಸಲು ಬರುವುದು ಆ ಕಾಲಕ್ಕೆ ವಿಚಿತ್ರ ಸಂಗತಿ. ಈ ಕಾಲಕ್ಕೂ ಅದು ತೀರಾ ಸಹಜವೇನಲ್ಲ.

ಅಡ್ಯಾರಿನ ತರಗತಿಗಳು

ಗಿಜುಭಾಯಿ ತೀರಿಕೊಂಡ ವರ್ಷವೇ, ಅಂದರೆ 1939ರ ನವೆಂಬರ್‌ನಲ್ಲಿ, ಮಾಂಟೆಸ್ಸರಿ ಸ್ವತಃ ಭಾರತಕ್ಕೆ ಬಂದರು. ಮದರಾಸಿನ ಅಡ್ಯಾರಿನಲ್ಲಿರುವ ಥಿಯಸಾಫಿಕಲ್ ಸೊಸೈಟಿ ಅವರನ್ನು ಆಹ್ವಾನಿಸಿತ್ತು. ಮೊದಲ ತರಬೇತಿಗೆ ಸುಮಾರು 300 ಮಂದಿ ಸೇರಿದರು. ಮಾಂಟೆಸ್ಸರಿ ಇಟಾಲಿಯನ್ ಭಾಷೆಯಲ್ಲಿ ಮಾತನಾಡುತ್ತಿದ್ದರು, ಮಗ ಮಾರಿಯೋ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು.

ಕೆಲವು ತಿಂಗಳಿಗೆಂದು ಬಂದವರು ಇಲ್ಲಿ ವರ್ಷಗಟ್ಟಲೆ ಉಳಿಯಬೇಕಾಯಿತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಭಾರತದಲ್ಲಿದ್ದ ಇಟಲಿಯವರೆಲ್ಲ ಶತ್ರುದೇಶದ ಪ್ರಜೆಗಳಾದರು. ಮಾರಿಯೋ ಬಂಧನಕ್ಕೊಳಗಾದರು, ತಾಯಿಯ ಓಡಾಟಕ್ಕೆ ನಿರ್ಬಂಧ ಬಿತ್ತು. ಆಗಸ್ಟ್ 31ರಂದು, ಮಾಂಟೆಸ್ಸರಿಯವರ 70ನೇ ಹುಟ್ಟುಹಬ್ಬದ ಹೊತ್ತಿಗೆ, ಮಗನಿಗೆ ಬಿಡುಗಡೆಯಾಯಿತು. ಮುಂದೆ ಕೊಡೈಕೆನಾಲ್ ಹಾಗೂ ಇತರೆಡೆಗಳಲ್ಲಿ ತರಬೇತಿಗಳು ನಡೆದವು. ಅವರು ಕೊನೆಯ ಬಾರಿಗೆ ಭಾರತ ಬಿಡುವ ಹೊತ್ತಿಗೆ ಇಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರು ತಯಾರಾಗಿದ್ದರು.

ಆ ತರಬೇತಿಯಲ್ಲಿ ಇದ್ದದ್ದೇನು? ಒಂದೊಂದು ಸಲಕರಣೆಯನ್ನೂ ತಾನೇ ಕೈಯಲ್ಲಿ ಹಿಡಿದು, ಮಗುವಿಗೆ ತೋರಿಸುವ ಕ್ರಮವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಬೇಕು. ಅದನ್ನೆಲ್ಲ ತನ್ನದೇ ಬರವಣಿಗೆಯಲ್ಲಿ ದಪ್ಪ ಪುಸ್ತಕವಾಗಿ ಬರೆದಿಡಬೇಕು. ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ ಸುಮ್ಮನೆ ಕುಳಿತು ನೋಡುವುದು. ಗುಂಡಿ ಹಾಕಿಕೊಳ್ಳಲು ಮಗು ಹೆಣಗುತ್ತಿದ್ದರೆ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಆ ಕೈಯನ್ನು ತಡೆಯಲು ಕಲಿಯುವುದೇ ಶಿಕ್ಷಕಿಯ ಅರ್ಧ ವಿದ್ಯೆ.

ಆದರೆ ಈ ವಿದ್ಯೆ ಹೆಚ್ಚಾಗಿ ದಕ್ಕಿದ್ದು ಪಟ್ಟಣದ ಅನುಕೂಲಸ್ಥರ ಮಕ್ಕಳಿಗೆ. ಸಲಕರಣೆ ದುಬಾರಿ, ಶುಲ್ಕವೂ ದುಬಾರಿ. ಬಡವರ ಮಕ್ಕಳ ಗತಿಯೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅಂಗಳಕ್ಕೆ ಬಂದ ಶಾಲೆ

ಆ ಪ್ರಶ್ನೆಯನ್ನು ಎತ್ತಿಕೊಂಡವರು ಮತ್ತೆ ತಾರಾಬಾಯಿಯೇ. 1945ರಲ್ಲಿ ಅವರು ಮುಂಬಯಿಯ ಉತ್ತರಕ್ಕೆ ಕಡಲತೀರದ ಬೋರ್ಡಿ ಗ್ರಾಮದಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ತೆರೆದರು. ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ವಿಧವೆಯಾಗಿ, ಆಮೇಲೆ ಓದಿ ಶಿಕ್ಷಕಿಯಾದ ಅನುತಾಯಿ ವಾಘ್ ಅವರ ಜೊತೆಯಾದರು. ಬಡವರ ಕೇರಿಯ ಮಕ್ಕಳು ಶಾಲೆಯತ್ತ ಬರಲಿಲ್ಲ. ಹಾಗಾದರೆ ಶಾಲೆಯೇ ಅವರ ಮನೆಯಂಗಳಕ್ಕೆ ಹೋಗಲಿ ಎಂದು ಇಬ್ಬರೂ ಹೊರಟರು. ಮಕ್ಕಳ ಮೈ ತೊಳೆಸಿದರು, ಉಗುರು ಕತ್ತರಿಸಿದರು. ಚಿಪ್ಪು, ಬೀಜ, ಕಲ್ಲು, ಎಲೆಗಳೇ ಕಲಿಕೆಯ ಸಾಮಗ್ರಿಗಳಾದವು. ಮುಂದೆ ಕೇಂದ್ರ ಕೋಸಬಾಡದ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಸ್ಥಳಾಂತರಗೊಂಡಿತು.

ಅಂಗಳದ ಈ ಬಾಲವಾಡಿಗೆ ತಾರಾಬಾಯಿ ಕೊಟ್ಟ ಹೆಸರು 'ಅಂಗನವಾಡಿ'. ಕನ್ನಡದ ಹಳ್ಳಿಹಳ್ಳಿಯಲ್ಲೂ ಇಂದು ಬಳಕೆಯಲ್ಲಿರುವ ಮಾತಿನ ಮೂಲ ಅದು. ಹೆಸರಿನ ಜೊತೆ ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಅಗ್ಗದ ಸಾಮಗ್ರಿ ಬಳಸಿದ ತಾರಾಬಾಯಿ ಅಗ್ಗದ ತರಬೇತಿಯನ್ನು ಒಪ್ಪಿರಲಿಲ್ಲ. ಸ್ಥಳೀಯ ಹೆಣ್ಣುಮಕ್ಕಳನ್ನು ಬಾಲಸೇವಿಕೆಯರಾಗಿ ತಯಾರು ಮಾಡುವುದು ಆ ಕೇಂದ್ರದ ಮುಖ್ಯ ಕೆಲಸವಾಗಿತ್ತು.

ವಿಶ್ವವಿದ್ಯಾಲಯದ ಒಳಗೆ

ಇದೇ ಹೊತ್ತಿಗೆ ಶಿಶು ಶಿಕ್ಷಣ ವಿಶ್ವವಿದ್ಯಾಲಯಗಳ ಮೆಟ್ಟಿಲನ್ನೂ ಏರುತ್ತಿತ್ತು. ಅದು ಪ್ರವೇಶಿಸಿದ್ದು ಗೃಹವಿಜ್ಞಾನದ ಬಾಗಿಲಿನಿಂದ. ದೆಹಲಿಯಲ್ಲಿ 1932ರಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾಗಿತ್ತು. ಬರೋಡದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಹಂಸಾ ಮೆಹ್ತಾ ಕುಲಪತಿಯಾಗಿದ್ದಾಗ, 1950ರಲ್ಲಿ, ಗೃಹವಿಜ್ಞಾನ ವಿಭಾಗ ಶುರುವಾಯಿತು. ಅಡಿಗೆ, ಹೊಲಿಗೆ ಕಲಿಸುವ ಓದು ಎಂದು ಜನ ನಕ್ಕರೂ ಅದರೊಳಗೆ 'ಮಕ್ಕಳ ಬೆಳವಣಿಗೆ' ಎಂಬ ಹೊಸ ಶಾಸ್ತ್ರ ಬೇರೂರಿತು. ನಮ್ಮ ಧಾರವಾಡದ ಗ್ರಾಮೀಣ ಗೃಹವಿಜ್ಞಾನ ಕಾಲೇಜು, ಅಂದರೆ ಈಗಿನ ಸಮುದಾಯ ವಿಜ್ಞಾನ ಕಾಲೇಜು, ಇದೇ ಪರಂಪರೆಗೆ ಸೇರಿದ್ದು.

ಈ ವಿಭಾಗಗಳ ವಿಶೇಷವೆಂದರೆ ಪ್ರಯೋಗಶಾಲೆ. ರಸಾಯನಶಾಸ್ತ್ರಕ್ಕೆ ಪ್ರಯೋಗಾಲಯ ಇರುವಂತೆ ಇಲ್ಲಿ ವಿಭಾಗಕ್ಕೆ ಹೊಂದಿಕೊಂಡೇ ಒಂದು ನರ್ಸರಿ ಶಾಲೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ 20ನೇ ಶತಮಾನದ ಆರಂಭದ ದಶಕಗಳಲ್ಲಿ ರೂಢಿಗೆ ಬಂದ ಕ್ರಮವಿದು. ವಿದ್ಯಾರ್ಥಿನಿ ಒಂದು ಮಗುವನ್ನು ಹಲವು ದಿನ ಗಮನಿಸಿ ಟಿಪ್ಪಣಿ ಬರೆಯಬೇಕು. 'ಮಗು ತುಂಟ' ಎಂದು ಬರೆದರೆ ಸಾಲದು. ಎಷ್ಟು ಹೊತ್ತಿಗೆ, ಯಾರ ಕೈಯಿಂದ, ಯಾವ ಆಟಿಕೆ ಕಿತ್ತುಕೊಂಡಿತು, ಅದಕ್ಕೆ ಮೊದಲು ಏನಾಗಿತ್ತು ಎಂದು ಬರೆಯಬೇಕು. ತೀರ್ಪನ್ನು ಬದಿಗಿಟ್ಟು ಕಂಡದ್ದನ್ನು ಬರೆಯುವ ಈ ಅಭ್ಯಾಸವೂ ಗಿಜುಭಾಯಿ, ಮಾಂಟೆಸ್ಸರಿಯವರ ದಾರಿಯದೇ. ಮಗುವನ್ನು ನೋಡಲು ಕಲಿಯದವರು ಮಗುವಿಗೆ ಕಲಿಸಲಾರರು ಎಂಬ ಒಂದು ಮಾತಿನಲ್ಲಿ ಎಲ್ಲರೂ ಕೂಡುತ್ತಾರೆ.

ಹಾಗಾದರೆ ಇಷ್ಟೆಲ್ಲ ಕಲಿತ ಪದವೀಧರೆಯರು ಎಲ್ಲಿ ಹೋದರು? ಉಪನ್ಯಾಸಕರಾದರು, ಮೇಲ್ವಿಚಾರಕರಾದರು, ಸಂಶೋಧಕರಾದರು, ಕೆಲವರು ನಗರದ ಖಾಸಗಿ ಶಾಲೆಗಳಿಗೆ ಸೇರಿದರು. ಹಳ್ಳಿಯ ಅಂಗನವಾಡಿಯ ಚಾಪೆಯ ಮೇಲೆ ಕುಳಿತವರು ವಿರಳ. ಅದಕ್ಕೆ ಅವರನ್ನು ದೂರುವುದು ತಪ್ಪು. ಆ ಚಾಪೆಗೆ ಸರಿಯಾದ ಸಂಬಳವನ್ನಾಗಲೀ ಸ್ಥಾನವನ್ನಾಗಲೀ ಸರ್ಕಾರ ಕೊಡಲಿಲ್ಲ.

ಇಪ್ಪತ್ತಾರು ದಿನದ ವಿದ್ಯೆ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಇಷ್ಟು ದೊಡ್ಡ ಜಾಲವನ್ನು ಕಟ್ಟಿದ್ದು ಸಣ್ಣ ಸಾಧನೆಯಲ್ಲ. ಹಸಿದ ಮಗುವಿಗೆ ಊಟ, ಬಾಣಂತಿಗೆ ಪೌಷ್ಟಿಕ ಆಹಾರ, ಕಾಲಕಾಲಕ್ಕೆ ಚುಚ್ಚುಮದ್ದು ಸಿಗುವುದರಲ್ಲಿ ಅದರ ಪಾಲು ದೊಡ್ಡದು.

ಆದರೆ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಆರಂಭದಲ್ಲಿ ತಿಂಗಳುಗಟ್ಟಲೆ ಇದ್ದ ಕಾರ್ಯಕರ್ತೆಯ ಮುಖ್ಯ ತರಬೇತಿ ಮುಂದೆ 26 ಕೆಲಸದ ದಿನಗಳಿಗೆ ಇಳಿಯಿತು. ತೂಕ ನೋಡುವುದು, ದಾಖಲೆ ಬರೆಯುವುದು, ಆಹಾರದ ಲೆಕ್ಕ ಇಡುವುದು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಮಗುವನ್ನು ನೋಡಲು ಕಲಿಯುವುದಕ್ಕೆ ಉಳಿಯುವ ದಿನಗಳೆಷ್ಟು? ಸಾಲದ್ದಕ್ಕೆ ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅಂಗನವಾಡಿ ಕಾರ್ಯಕರ್ತೆಯರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಹೇಳಿಸಿಕೊಳ್ಳಲು 2022ರಲ್ಲಿ ಸುಪ್ರೀಂ ಕೋರ್ಟ್‌ ತೀರ್ಪೇ ಬರಬೇಕಾಯಿತು.

ಕಾನೂನಿನ ಮಾತೂ ಇದಕ್ಕಿಂತ ಗಟ್ಟಿಯಾಗಿಲ್ಲ. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಆರರ ಒಳಗಿನವರ ಆರೈಕೆ ಮತ್ತು ಶಿಕ್ಷಣವನ್ನು 45ನೇ ವಿಧಿಯ ನಿರ್ದೇಶಕ ತತ್ವವಾಗಿ ಉಳಿಸಿತು. ಹಕ್ಕಾದರೆ ಕೇಳಿ ಪಡೆಯಬಹುದು, ತತ್ವಕ್ಕೆ ಕಾಯಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಇತರ ಅಂಶಗಳ ಬಗ್ಗೆ ವಾದವಿವಾದ ಏನೇ ಇರಲಿ, ಈ ಕೊರತೆಯನ್ನು ಅದು ಒಪ್ಪಿಕೊಂಡಿತು. ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎಂದು ಹೇಳಿ, ಪಿಯುಸಿ ಮುಗಿಸಿದ ಕಾರ್ಯಕರ್ತೆಯರಿಗೆ 6 ತಿಂಗಳ ಸರ್ಟಿಫಿಕೇಟ್, ಉಳಿದವರಿಗೆ 1 ವರ್ಷದ ಡಿಪ್ಲೊಮಾ ಸೂಚಿಸಿತು. ಅದನ್ನು ಕೆಲಸದ ನಡುವೆ, ಮೊಬೈಲ್, ಟಿ.ವಿ.ಗಳ ಮೂಲಕವೂ ಕಲಿಯಬಹುದು ಎಂದಿತು. 2023-24ರಿಂದ ಆಯ್ದ 57 ಸಂಸ್ಥೆಗಳಲ್ಲಿ ನಾಲ್ಕು ವರ್ಷದ ಸಮಗ್ರ ಬಿ.ಎಡ್. ಶುರುವಾಗಿದೆ. ಚಿಕ್ಕ ಮಕ್ಕಳ ಹಂತಕ್ಕೆಂದೇ ಶಿಕ್ಷಕರನ್ನು ತಯಾರು ಮಾಡುವ ಉದ್ದೇಶವೂ ಆ ಕೋರ್ಸಿನಲ್ಲಿದೆ.

ಅಪಾಯ ಇರುವುದೂ ಇಲ್ಲಿಯೇ. ಪದವಿ ಪಡೆದವರು ಶಾಲೆಗಳ ಎಲ್‌ಕೆಜಿ, ಯುಕೆಜಿಗೆ, ಮೊಬೈಲಿನಲ್ಲಿ ಕಲಿತವರು ಅಂಗನವಾಡಿಗೆ ಎಂದಾದರೆ ಹಳೆಯ ಗೋಡೆಗೆ ಹೊಸ ಸುಣ್ಣ ಬಳಿದಂತಾದೀತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರದ ವಿರುದ್ಧ ನಮ್ಮ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು ಹೊಟ್ಟೆಪಾಡಿಗಾಗಿ ಮಾತ್ರ ಎಂದು ತಿಳಿಯಬೇಕಿಲ್ಲ. ದಶಕಗಳಿಂದ ಮಕ್ಕಳ ನಡುವೆ ಇರುವ ತಮ್ಮನ್ನು ಶಿಕ್ಷಕಿಯರೆಂದು ಎಣಿಸಿ, ತಮಗೂ ಕಲಿಸಿ ಎಂಬ ಬೇಡಿಕೆಯೂ ಅದರೊಳಗೆ ಅಡಗಿದೆ.

ಶಿಶು ಶಿಕ್ಷಣ ಬಡವರ ಮನೆಬಾಗಿಲಿಗೆ ಬರುವಷ್ಟರಲ್ಲಿ ಶಿಕ್ಷಕಿಯ ತರಬೇತಿ ತೆಳುವಾಗಿಹೋಯಿತು. ಅದು ಹಾಗೆಯೇ ಆಗಬೇಕೆಂಬ ನಿಯಮವೇನಿಲ್ಲ ಎಂಬುದಕ್ಕೆ ಕೋಸಬಾಡ ಸಾಕ್ಷಿ. ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ವಾರದಲ್ಲಿ ಕೆಲವು ದಿನ ಅಂಗನವಾಡಿಯ ಚಾಪೆಯ ಮೇಲೆ ಕುಳಿತು ಕಲಿಯಲಿ. ಅಂಗನವಾಡಿಯ ಕಾರ್ಯಕರ್ತೆ ಸಂಬಳಸಹಿತ ರಜೆಯ ಮೇಲೆ ವಿಶ್ವವಿದ್ಯಾಲಯದ ಬೆಂಚಿನ ಮೇಲೆ ಕುಳಿತು ಕಲಿಯಲಿ. ಇಬ್ಬರಿಗೂ ಒಂದೇ ಸರ್ಟಿಫಿಕೇಟ್ ಸಿಗುವ ದಿನ ಬಂದರೆ, ತಾರಾಬಾಯಿ ಇಟ್ಟ ಹೆಸರನ್ನು ನಾವು ಎರವಲು ಪಡೆದದ್ದಕ್ಕೆ ಒಂದು ಅರ್ಥ ಬಂದೀತು.