ಹಡಗಿಗಾಗಿ ಕಟ್ಟಿದ ನಿಲ್ದಾಣ

ಧನುಷ್ಕೋಡಿಗೆ ರೈಲು ಬಂದದ್ದು ಸಿಲೋನಿನ ದೆಸೆಯಿಂದ. ಅಲ್ಲಿನ ಚಹಾ ತೋಟಗಳಿಗೆ ತಮಿಳು ಸೀಮೆಯ ಕೂಲಿಯಾಳುಗಳು ಸಾವಿರಗಟ್ಟಲೆ ಹೋಗುತ್ತಿದ್ದ ಕಾಲ ಅದು. ತೂತುಕುಡಿಯಿಂದ ಕೊಲಂಬೊಗೆ ಹಡಗಿನ ಹಾದಿ ದೂರ. ರಾಮೇಶ್ವರಂ ದ್ವೀಪದ ತುದಿಯಲ್ಲಿರುವ ಧನುಷ್ಕೋಡಿಯಿಂದ ಸಿಲೋನಿನ ತಲೈಮನ್ನಾರ್‌ಗೆ ಸುಮಾರು 35 ಕಿ.ಮೀ. ಅಷ್ಟೆ. 1914ರ ಫೆಬ್ರುವರಿಯಲ್ಲಿ ದ್ವೀಪವನ್ನು ಮುಖ್ಯಭೂಮಿಗೆ ಜೋಡಿಸಿದ ಪಾಂಬನ್ ಸೇತುವೆ ಸಿದ್ಧವಾದ ಮೇಲೆ ಸೌತ್ ಇಂಡಿಯನ್ ರೈಲ್ವೆಯ ‘ಬೋಟ್ ಮೇಲ್’ ಮದ್ರಾಸಿನ ಎಗ್ಮೋರಿನಿಂದ ನೇರ ಧನುಷ್ಕೋಡಿಯ ಹಡಗುಕಟ್ಟೆಗೆ ಬರತೊಡಗಿತು. ರೈಲು ಇಳಿದವರು ಹಡಗು ಹತ್ತುತ್ತಿದ್ದರು. ಆಚೆ ದಡದಲ್ಲಿ ಕೊಲಂಬೊ ರೈಲು ಕಾಯುತ್ತಿತ್ತು.

ಈ ಓಡಾಟದಿಂದಲೇ ಊರು ಬೆಳೆಯಿತು. ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಶಾಲೆ, ಇಗರ್ಜಿ ಎಲ್ಲವೂ ಬಂದವು. ಕಾಶಿಯಾತ್ರೆಗೆ ಮುನ್ನ ಸೇತುಸ್ನಾನ ಮಾಡಿ, ಪ್ರಯಾಗದ ಸಂಗಮದಲ್ಲಿ ಬಿಡಲು ಅಲ್ಲಿನ ಮರಳು ಕಟ್ಟಿಕೊಂಡು ಹೋಗುವ ಯಾತ್ರಿಕರಿಗೂ ದಾರಿ ಸಲೀಸಾಯಿತು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಅಪ್ಪಳಿಸಿತು. ಪಾಂಬನ್‌ನಿಂದ ಹೊರಟ 653ನೇ ನಂಬರಿನ ಪ್ಯಾಸೆಂಜರ್ ರೈಲಿಗೆ ಧನುಷ್ಕೋಡಿ ಹತ್ತಿರವಾಗುತ್ತಿದ್ದಂತೆ ಸಿಗ್ನಲ್ ಸಿಗಲಿಲ್ಲ. ಎಲ್ಲೆಲ್ಲೂ ಕತ್ತಲು, ಮಳೆ. ಸ್ವಲ್ಪ ಹೊತ್ತು ಕಾದ ಚಾಲಕ ಉದ್ದಕ್ಕೆ ಸೀಟಿ ಊದಿ ಗಾಡಿಯನ್ನು ಮುಂದಕ್ಕೆ ಬಿಟ್ಟ. ಎದ್ದು ಬಂದ ಅಲೆ ಇಡೀ ರೈಲನ್ನು ನುಂಗಿತು. 110 ಪ್ರಯಾಣಿಕರು, ಐವರು ಸಿಬ್ಬಂದಿ: ಲೆಕ್ಕಕ್ಕೆ ಸಿಕ್ಕವರೇ 115 ಮಂದಿ. ಒಬ್ಬರೂ ಉಳಿಯಲಿಲ್ಲ.

ನಿಲ್ದಾಣವನ್ನು ಬಿರುಗಾಳಿ ಕೊಂದಿತೆಂಬುದು ಅರ್ಧ ಸತ್ಯ ಮಾತ್ರ. ಅದೇ ಗಾಳಿಗೆ ಪಾಂಬನ್ ಸೇತುವೆಯ ಬಹುತೇಕ ಗರ್ಡರ್‌ಗಳೂ ಕೊಚ್ಚಿಹೋಗಿದ್ದವು. ಯುವ ಎಂಜಿನಿಯರ್ ಇ. ಶ್ರೀಧರನ್ ಮತ್ತು ಅವರ ತಂಡ, ಸಮುದ್ರದ ತಳದಲ್ಲಿದ್ದ ಗರ್ಡರ್‌ಗಳನ್ನು ಎತ್ತಿಸಿ, 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿತು. ರಾಮೇಶ್ವರಕ್ಕೆ ರೈಲು ಮರಳಿತು. ಮುಂದಿನ ಸುಮಾರು 18 ಕಿ.ಮೀ. ಹಳಿಯನ್ನು ಮಾತ್ರ ಯಾರೂ ಹಾಕಲಿಲ್ಲ. ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಸಾರಿತು. ಸಿಲೋನಿನ ಹಡಗು ರಾಮೇಶ್ವರದಿಂದ ಹೊರಡತೊಡಗಿತು. ಹಡಗೇ ಇಲ್ಲದ ಮೇಲೆ ನಿಲ್ದಾಣಕ್ಕೇನು ಕೆಲಸ?

ಆದರೂ ಬೆಸ್ತರು ಜಾಗ ಬಿಡಲಿಲ್ಲ. ನಿಲ್ದಾಣದ ಮುರಿದ ಗೋಡೆ, ನೀರಿನ ಟ್ಯಾಂಕ್ ಮತ್ತು ಹವಳಕಲ್ಲಿನ ಇಗರ್ಜಿಯ ಸುತ್ತಮುತ್ತ ಗುಡಿಸಲು ಕಟ್ಟಿಕೊಂಡು ಬಲೆ ಬೀಸುತ್ತಲೇ ಬಂದರು. 2017ರಲ್ಲಿ ದ್ವೀಪದ ಕೊನೆಯಂಚಿನ ಅರಿಚಲ್‌ಮುನೈವರೆಗೆ ರಸ್ತೆಯಾಯಿತು. 2019ರಲ್ಲಿ ರೈಲುಮಾರ್ಗಕ್ಕೂ ಶಂಕುಸ್ಥಾಪನೆ ನಡೆಯಿತು. ಹಿಂದೆ ಹಡಗಿಗಾಗಿ ಹಾಕಿದ್ದ ಹಳಿಯನ್ನು ಈ ಸಲ ಯೋಚಿಸಿದ್ದು ಯಾತ್ರಿಕರಿಗಾಗಿ, ಪ್ರವಾಸಿಗರಿಗಾಗಿ.