ನೌಬಾದಿನ ಪೊದೆಗಳಡಿಯ ನೀರುದಾರಿ

ಟ್ರಾಮು ನಿಂತುಹೋದ ಊರಿನಲ್ಲಿ ಅದರ ಸೇತುವೆಯಾದರೂ ಗಿಡಮರಗಳ ನಡುವೆ ತುಕ್ಕು ಹಿಡಿಯುತ್ತ ಉಳಿದಿರುತ್ತದೆ; ಕಂಡವರು ಇದೇನೆಂದು ವಿಚಾರಿಸಬಹುದು. ಬೀದರದವರು ಕೈಬಿಟ್ಟ ದಾರಿಗೆ ಆ ಭಾಗ್ಯವೂ ಇರಲಿಲ್ಲ. ಅದು ನೆಲದ ಕೆಳಗಿನ ದಾರಿ. ಅದರಲ್ಲಿ ಸಾಗುತ್ತಿದ್ದುದು ನೀರು.

ಬೀದರಕ್ಕೆ ಅಂಟಿಕೊಂಡೇ ಇರುವ ನೌಬಾದಿಗೆ ನಾನು ಮೊದಲು ಹೋದದ್ದು ಒಂದು ಬೇಸಗೆಯಲ್ಲಿ. ಜೊತೆಗಿದ್ದವರು ಸ್ನೇಹಿತರೊಬ್ಬರ ಸೋದರಮಾವ, ನಿವೃತ್ತ ಮಾಸ್ತರರು. ಜಾಲಿಯ ಪೊದೆಯೊಂದನ್ನು ಕೊಡೆಯ ತುದಿಯಿಂದ ಸರಿಸಿ, ಅರ್ಧ ಹೂಳಿ ಹೋಗಿದ್ದ ಒಂದು ಕುಳಿಯನ್ನು ತೋರಿಸಿದರು. ಸ್ವಲ್ಪ ದೂರದಲ್ಲಿ ಇನ್ನೊಂದು; ಅದರಾಚೆ ಮತ್ತೊಂದು.

"ಎಲ್ಲಾ ಒಂದೇ ಸಾಲಿನ್ಯಾಗ ಅವ ನೋಡ್ರಿ" ಎಂದರು.

ಒಂದೇ ಸಾಲಿನಲ್ಲಿ ಇಷ್ಟು ಬಾವಿಗಳನ್ನು ಯಾರು ತೋಡುತ್ತಾರೆ ಎಂದು ನಾನು ಕೇಳಿದೆ. ಮಾಸ್ತರರು ನಕ್ಕರು. "ಬಾವಿ ಅಲ್ರಿ ಸರ. ಒಳಗ ಇಳಿಲಿಕ್ಕ ಬಾಗಲಾ ಅವು."

ಸುರಂಗ ಬಾವಿಯೆಂದು ಜನ ಕರೆಯುವ ಇದಕ್ಕೆ ಪಾರಸಿಯಲ್ಲಿ ಕರೇಜ್ ಎಂದೂ ಕನಾತ್ ಎಂದೂ ಹೆಸರು. ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ಒಂದು ತಾಯಿಬಾವಿಯನ್ನು ತೋಡುತ್ತಾರೆ. ನೀರು ಹೊರಬರಬೇಕಾದ ತಗ್ಗಿಗೂ ಆ ಬಾವಿಗೂ ನಡುವೆ ನೆಲದೊಳಗೆ ಒಂದು ಸುರಂಗ. ಅದರ ಇಳಿಜಾರು ಅತ್ಯಲ್ಪವಾಗಿರಬೇಕು. ಹೆಚ್ಚಾದರೆ ನೀರು ನೆಲವನ್ನೇ ಕೊರೆದುಬಿಡುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಅಗೆದ ಮಣ್ಣನ್ನು ಮೇಲಕ್ಕೆ ಎತ್ತುವುದಕ್ಕೆ, ಒಳಗಿದ್ದವರಿಗೆ ಗಾಳಿ ಬೆಳಕು ಸಿಗುವುದಕ್ಕೆ, ಮುಂದೆ ಹೂಳು ತೆಗೆಯುವುದಕ್ಕೆ ಅಲ್ಲಲ್ಲಿ ನೇರ ಕುಳಿಗಳು. ಹಗ್ಗ, ರಾಟೆ, ಎತ್ತು ಯಾವುದರ ಹಂಗೂ ಇಲ್ಲದೆ ನೀರು ತಾನಾಗಿ ನಡೆದು ಊರಿಗೆ ಬರುತ್ತದೆ. ನೌಬಾದಿನ ಸುರಂಗ ಹೆಚ್ಚುಕಡಮೆ ಎರಡು ಮೈಲಿಯದು. ಕುಳಿಗಳು ಇಪ್ಪತ್ತಕ್ಕೂ ಹೆಚ್ಚು. ಶುಕ್ಲತೀರ್ಥ ಮತ್ತು ಜಮನಾ ಮೋರಿ ಎಂಬ ಇನ್ನೆರಡು ಕರೇಜುಗಳೂ ಬೀದರದಲ್ಲಿವೆ.

ಪರದೇಶದ ಈ ವಿದ್ಯೆ ಇಲ್ಲಿ ಫಲಿಸಿದ್ದಕ್ಕೆ ಬೀದರದ ನೆಲವೇ ಕಾರಣ. ಊರು ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಮಳೆಯ ನೀರು ತೂತುತೂತಾದ ಆ ಕೆಂಪು ಕಲ್ಲಿನಲ್ಲಿ ಇಳಿಯುತ್ತದೆ. ಕೆಳಗಿನ ಕಪ್ಪು ಕಲ್ಲು ಸಿಕ್ಕೊಡನೆ ಮುಂದೆ ಇಳಿಯಲಾರದೆ ಪಕ್ಕಕ್ಕೆ ಹರಿಯುತ್ತದೆ. ಪಾಪನಾಶದ ಬುಗ್ಗೆ, ಗುರುನಾನಕ ಝೀರಾ ಎಲ್ಲವೂ ಹೀಗೆ ಹುಟ್ಟಿದವು. ಝರಣಿ ನರಸಿಂಹನ ದರ್ಶನಕ್ಕೆ ಎದೆಮಟ್ಟದ ನೀರಿನಲ್ಲಿ ಸುರಂಗ ಹೊಕ್ಕು ಹೋದ ವಾಚಕರು ಕರೇಜಿನ ಒಳಗು ಹೇಗಿರುತ್ತದೆಂಬುದನ್ನು ಸುಲಭವಾಗಿ ಊಹಿಸಬಲ್ಲರು.

ಇನ್ನು ಅದನ್ನು ತೋಡಿದ ಕಾಲ. ಬಹಮನಿ ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದವನು ಅಹಮದ್ ಷಾ ವಲಿ (1422–1436). ಇರಾನಿನ ಕಿರ್ಮಾನ್ ಸೀಮೆಯ ಸಂತ ಷಾ ನಿಯಾಮತುಲ್ಲಾರಲ್ಲಿ ಅವನಿಗೆ ಅಪಾರ ಭಕ್ತಿ. ಬೀದರಕ್ಕೆ ಬರಬೇಕೆಂದು ಪ್ರಾರ್ಥಿಸಿಕೊಂಡ. ಸಂತರು ತಾವು ಬರಲಿಲ್ಲ, ಮೊಮ್ಮಗನನ್ನು ಕಳಿಸಿದರು. ಮುಂದೆ ಮಗ ಖಲೀಲುಲ್ಲಾ ಬಂದರು. ಅವರ ಚೌಖಂಡಿ ಇಂದಿಗೂ ಅಷ್ಟೂರಿನ ದಾರಿಯಲ್ಲಿದೆ. ಇತ್ತ ಕಿರ್ಮಾನಿನ ಬಳಿಯ ಮಾಹಾನಿನಲ್ಲಿ ಸಂತರ ಸಮಾಧಿಯ ಮೇಲೆ ಕಟ್ಟಡವೆದ್ದದ್ದು ಬೀದರದ ಸುಲ್ತಾನನ ಹಣದಿಂದ. ಆ ಸೀಮೆ ಕನಾತುಗಳ ತವರು. ಅಲ್ಲಿನ ಜೂಪಾರಿನ ಒಂದು ಕನಾತೂ ಸೇರಿದಂತೆ ಇರಾನಿನ 11 ಕನಾತುಗಳನ್ನು 2016ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿಂದ ಹಣ ಹೋದ ದಾರಿಯಲ್ಲೇ ಅಲ್ಲಿಂದ ವಿದ್ಯೆಯೂ ಬಂದಿತೆಂದು ನನ್ನ ಎಣಿಕೆ. ಅಷ್ಟೂರಿನ ಗುಮ್ಮಟಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ. ಆ ಗುಮ್ಮಟಗಳ ದೊರೆಗಳಿಗೆ ನೀರು ಕುಡಿಸಿದ ಮಣ್ಣುಗೆಲಸದವರ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ.

ಈ ಬಗೆಯ ಜಾಣ್ಮೆ ಬೀದರವೊಂದರದೇ ಅಲ್ಲ. ವಿಜಯಪುರಕ್ಕೆ ತೊರವಿಯ ಕಡೆಯಿಂದ ಸುರಂಗದಲ್ಲಿಯೇ ನೀರು ಬರುತ್ತಿತ್ತು. ಬುರಹಾನಪುರದಲ್ಲಿ ಮೊಗಲರ ಕಾಲದ್ದಿದೆ. ನನಗೆ ಹೆಚ್ಚು ಹತ್ತಿರವೆನಿಸುವುದು ಕಾಸರಗೋಡು, ಬಂಟ್ವಾಳದ ಕಡೆಯ ನಮ್ಮ ರೈತರ ಸುರಂಗಗಳು. ಅಲ್ಲಿಯೂ ಅದೇ ಜಂಬಿಟ್ಟಿಗೆ ಕಲ್ಲು. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ಹಲವು ಸಲ ಬರಿಗೈಯಾಗಿ, ಕಡೆಗೆ ನೀರು ಕಂಡು ಅಡಕೆ ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದರು. ಬೀದರದಲ್ಲಿ ಅರಸರ ಕಾಲಕ್ಕೆ ಸೇರಿದ ಕೆಲಸ, ಅಲ್ಲಿ ಗುದ್ದಲಿ ಹಿಡಿದ ಒಬ್ಬ ಕೂಲಿಕಾರನ ಬಾಳು.

ನಲ್ಲಿಯ ನೀರು ಬಂದಮೇಲೆ ಬೀದರದವರು ಕುಳಿಗಳನ್ನು ಮರೆತರು. ಕಸ ಹಾಕಿದರು, ಮಣ್ಣು ಹೊಯ್ದರು. ಕೊಳವೆಬಾವಿಗಳು ಬಂದು, ಸುರಂಗಕ್ಕೆ ಇಳಿಯಬೇಕಾದ ನೀರನ್ನು ಅದಕ್ಕಿಂತ ಆಳದಿಂದ ಎಳೆದುಕೊಂಡವು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ 2014ರಲ್ಲಿ ಬೀದರ ನಗರವನ್ನು ತನ್ನ ಕಾಳಜಿಯ ಪಟ್ಟಿಗೆ ಸೇರಿಸಿತು. ಆ ಹೊತ್ತಿಗೆ ಭೂಗೋಳತಜ್ಞ ವಲಿಯಿಲ್ ಗೋವಿಂದನ್‌ಕುಟ್ಟಿಯವರು ಮತ್ತು ಊರಿನ ಉತ್ಸಾಹಿಗಳು ಕರೇಜನ್ನು ಅಳೆದು ನಕ್ಷೆ ಮಾಡತೊಡಗಿದ್ದರು. ಹೂಳೆತ್ತುವ ಕೆಲಸವೂ ಮೊದಲಾಯಿತು. 2016ರ ಬೇಸಗೆಯಲ್ಲಿ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು. ಅದೇ ಸೀಮೆಯ ಬಿಸಿಲಿನಲ್ಲಿ ನಿಂತು, ಹೂಳು ತೆಗೆದ ಸುರಂಗದಲ್ಲಿ ನೀರಿದೆಯೆಂದು ಕೇಳಿದವರಿಗೆ ಏನೆನ್ನಿಸಿರಬೇಡ!

ಆದರೆ ಒಳಗೆ ಹೂಳೆತ್ತಿದೊಡನೆ ಕೆಲಸ ಮುಗಿಯಲಿಲ್ಲ. ಕರೇಜಿಗೆ ನೀರು ಬರುವುದು ಅದರ ಮೇಲಿನ ಹೊಲ, ಬಯಲುಗಳಿಂದ. ಆ ಬಯಲಿಗೆ ಕಾಂಕ್ರೀಟು ಹೊದಿಸಿದರೆ ಮಳೆ ಇಳಿಯುವುದಾದರೂ ಎಲ್ಲಿ? ಕೋಟೆಯನ್ನು ಬೇಲಿ ಹಾಕಿ ಕಾಯಬಹುದು. ಇದನ್ನು ಕಾಯಬೇಕಾದರೆ ಅದರ ಸುತ್ತಣ ನೆಲವನ್ನೂ ಕಾಯಬೇಕು. ಆ ನೆಲಕ್ಕೆ ಈಗ ಚದರಡಿಯ ಲೆಕ್ಕದಲ್ಲಿ ಬೆಲೆ.

ಎರಡನೆಯ ಸಲ ಹೋದಾಗಲೂ ಮಾಸ್ತರರೇ ಬಂದಿದ್ದರು. ಕೊಡೆ ಊರಿಕೊಂಡು ಕುಳಿಗಳನ್ನು ಎಣಿಸುತ್ತ ನಡೆದೆವು. ಒಂದೆಡೆ ಸಾಲಿಗೆ ಅಡ್ಡವಾಗಿ ಹೊಸ ಕಾಂಪೌಂಡು ಗೋಡೆ ಎದ್ದಿತ್ತು. ಮುಂದಿನ ಕುಳಿ ಅದರೊಳಗೆ ಇರಬೇಕೆಂದು ಮಾಸ್ತರರು ಹೇಳಿದರು. ಗೇಟಿಗೆ ಬೀಗವಿತ್ತು. ನಾವು ಸುತ್ತಿ ಬಳಸಿ ಆಚೆಯ ಕುಳಿಯ ಹತ್ತಿರ ಹೋಗಿ ಎಣಿಕೆಯನ್ನು ಮುಂದುವರಿಸಿದೆವು.