ಮುನ್ನೂರರ ಮಿತಿ: ಕಾರ್ಮಿಕ ಸಂಹಿತೆಗಳೂ ಸಂಸದೀಯ ಪರಿಶೀಲನೆಯೂ

ಕೇಂದ್ರ ಕಾರ್ಮಿಕ ಸಚಿವರಾಗಿದ್ದ ಸಂತೋಷ್ ಕುಮಾರ್ ಗಂಗ್ವಾರ್ 2020ರ ಸೆಪ್ಟೆಂಬರ್ 19ರಂದು ಲೋಕಸಭೆಯಲ್ಲಿ ಮೂರು ಮಸೂದೆಗಳನ್ನು ಮಂಡಿಸಿದರು. ಒಂದು ಕೈಗಾರಿಕಾ ಸಂಬಂಧಗಳಿಗೆ, ಇನ್ನೊಂದು ಸಾಮಾಜಿಕ ಭದ್ರತೆಗೆ, ಮತ್ತೊಂದು ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ್ದು. 22ರಂದು ಲೋಕಸಭೆ, 23ರಂದು ರಾಜ್ಯಸಭೆ ಅವುಗಳಿಗೆ ಒಪ್ಪಿಗೆ ಕೊಟ್ಟವು. ಕೃಷಿ ಮಸೂದೆಗಳ ಗದ್ದಲದಲ್ಲಿ ರಾಜ್ಯಸಭೆಯ ಎಂಟು ಸದಸ್ಯರು ಅಮಾನತಾಗಿದ್ದರು; ವಿರೋಧ ಪಕ್ಷಗಳ ಬಹುಪಾಲು ಸದಸ್ಯರು ಕಲಾಪವನ್ನು ಬಹಿಷ್ಕರಿಸಿದ್ದರು. ಕೋವಿಡ್ ಕಾರಣದಿಂದ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯೂ ಇರಲಿಲ್ಲ. 2019ರ ವೇತನ ಸಂಹಿತೆಯನ್ನೂ ಸೇರಿಸಿಕೊಂಡರೆ, ದುಡಿಯುವವರ ಬದುಕನ್ನು ಆಳುತ್ತಿದ್ದ 29 ಕೇಂದ್ರ ಕಾನೂನುಗಳು ಹೀಗೆ ನಾಲ್ಕಾದವು. ಅವು ಜಾರಿಗೆ ಬಂದದ್ದು ಐದು ವರ್ಷಗಳ ಮೇಲೆ, 2025ರ ನವೆಂಬರ್ 21ರಂದು.

ಸದನದಲ್ಲಿ ಚರ್ಚೆ ಆಗಲಿಲ್ಲ ಎಂಬ ಆಕ್ಷೇಪಕ್ಕೆ ಸರ್ಕಾರದ ಬಳಿ ಒಂದು ಉತ್ತರವಿತ್ತು. ಮಸೂದೆಗಳು ಮೊದಲೇ ಕಾರ್ಮಿಕ ಇಲಾಖೆಯ ಸ್ಥಾಯಿ ಸಮಿತಿಗೆ ಹೋಗಿದ್ದವು. ಸಮಿತಿ ಮಾಡಿದ 233 ಶಿಫಾರಸುಗಳಲ್ಲಿ 174ನ್ನು ಒಪ್ಪಿಕೊಳ್ಳಲಾಗಿದೆ. ಈ ಉತ್ತರವನ್ನು ಗಂಭೀರವಾಗಿಯೇ ಪರಿಗಣಿಸಬೇಕು. ಹದಿನೈದನೇ ಲೋಕಸಭೆಯ ಕಾಲದಲ್ಲಿ ಶೇ. 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗುತ್ತಿದ್ದರೆ, ಹದಿನೇಳನೆಯದರಲ್ಲಿ ಆ ಪ್ರಮಾಣ ಶೇ. 16ಕ್ಕೆ ಇಳಿಯಿತು. ಸಮಿತಿಯ ಮುಖ ಕಂಡ ಕೆಲವೇ ಮಸೂದೆಗಳಲ್ಲಿ ಇವು ಸೇರಿವೆ. ಆದರೆ ಒಪ್ಪಿದ ಶಿಫಾರಸುಗಳ ಎಣಿಕೆಯಿಂದ ಪರಿಶೀಲನೆಯ ಫಲವನ್ನು ಅಳೆಯಲು ಆಗದು ಎಂಬುದು ಈ ಲೇಖನದ ವಾದ. ಅದಕ್ಕೆ ಒಂದೇ ಒಂದು ಕಲಮನ್ನು ಹಿಡಿದು ನೋಡಿದರೆ ಸಾಕು: ಕೈಗಾರಿಕಾ ಸಂಬಂಧಗಳ ಸಂಹಿತೆಯ 77ನೆಯದು.

ಎಷ್ಟು ಜನ ಕೆಲಸಗಾರರಿರುವ ಕಾರ್ಖಾನೆ, ಗಣಿ ಅಥವಾ ತೋಟ, ಲೇ-ಆಫ್ ಮಾಡಲು, ಆಳುಗಳನ್ನು ಕಡಿತಗೊಳಿಸಲು, ಇಲ್ಲವೇ ಬಾಗಿಲು ಹಾಕಲು ಸರ್ಕಾರದ ಪೂರ್ವಾನುಮತಿ ಕೇಳಬೇಕು? ಆ ಸಂಖ್ಯೆ ಈ ಕಲಮಿನಲ್ಲಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಇಂಥ ನಿರ್ಬಂಧ ಮೊದಲಿಗೆ ಇರಲಿಲ್ಲ. 1976ರಲ್ಲಿ ಐದು-ಬಿ ಅಧ್ಯಾಯವನ್ನು ಸೇರಿಸಿ 300 ಎಂದು ನಿಗದಿ ಮಾಡಲಾಯಿತು. ಅದು ತುರ್ತು ಪರಿಸ್ಥಿತಿಯ ಕಾಲ, ವಿರೋಧ ಪಕ್ಷದ ಹಲವು ನಾಯಕರು ಸೆರೆಮನೆಯಲ್ಲಿದ್ದರು. ಆದ್ದರಿಂದ ಹಳೆಯ ಕಾನೂನು ತುಂಬಿದ ಸದನದ ಮುಕ್ತ ಚರ್ಚೆಯಿಂದ ಹುಟ್ಟಿತು, ಹೊಸದು ಮಾತ್ರ ಹಾಗಲ್ಲ ಎಂದು ಹೇಳುವುದು ಚರಿತ್ರೆಗೆ ಮಾಡುವ ಅನ್ಯಾಯ. 1982ರ ತಿದ್ದುಪಡಿ ಸಂಖ್ಯೆಯನ್ನು 100ಕ್ಕೆ ಇಳಿಸಿತು. 1984ರಲ್ಲಿ ಅದು ಜಾರಿಗೆ ಬಂತು. ಎರಡೂ ಸಲ ಸಂಖ್ಯೆಯನ್ನು ಮುಟ್ಟಿದ್ದು ಸಂಸತ್ತು. ರಾಜ್ಯವೊಂದಕ್ಕೆ ಬೇರೆ ಸಂಖ್ಯೆ ಬೇಕಾದರೆ ಅದರ ಶಾಸನಸಭೆ ಮಸೂದೆ ಅಂಗೀಕರಿಸಬೇಕಿತ್ತು, ಮೇಲೆ ರಾಷ್ಟ್ರಪತಿಗಳ ಅಂಕಿತ ಬೇಕಿತ್ತು. 2014ರಲ್ಲಿ ರಾಜಸ್ಥಾನ 300ಕ್ಕೆ ಏರಿಸಿಕೊಂಡದ್ದು ಈ ದಾರಿಯಲ್ಲೇ.

2019ರ ನವೆಂಬರಿನಲ್ಲಿ ಮಂಡಿಸಿದ ಸಂಹಿತೆಯ ಮೊದಲ ಕರಡು 100ನ್ನು ಉಳಿಸಿಕೊಂಡಿತ್ತು. ಜೊತೆಗೆ ಒಂದು ಹೊಸ ಎಳೆಯನ್ನು ಸೇರಿಸಿತ್ತು: ಸೂಕ್ತ ಸರ್ಕಾರ ಅಧಿಸೂಚನೆ ಹೊರಡಿಸಿ ಈ ಸಂಖ್ಯೆಯನ್ನು ಬದಲಿಸಬಹುದು. ಭರ್ತೃಹರಿ ಮಹತಾಬ್ ಅಧ್ಯಕ್ಷತೆಯ ಸ್ಥಾಯಿ ಸಮಿತಿ 2020ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯಲ್ಲಿ ಈ ಕಲಮಿನ ಬಗ್ಗೆ ಎರಡು ಮಾತು ಹೇಳಿತು. ಸಂಖ್ಯೆಯನ್ನು 300ಕ್ಕೆ ಏರಿಸಿ ಸಂಹಿತೆಯಲ್ಲೇ ಬರೆಯಿರಿ. ಅಧಿಸೂಚನೆಯ ಮೂಲಕ ಬದಲಿಸುವ ಅಧಿಕಾರವನ್ನು ತೆಗೆದುಹಾಕಿ.

ಇವೆರಡೂ ಒಂದನ್ನೊಂದು ಹಿಡಿದು ನಿಂತ ಮಾತುಗಳು. ಮಾಲೀಕರಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಡೋಣ, ಆದರೆ ಅದರ ಮಿತಿ ಎಲ್ಲಿ ಎಂಬುದನ್ನು ಸಂಸತ್ತೇ ಹೇಳಲಿ ಎಂಬ ಕೊಡುಕೊಳೆಯ ತೀರ್ಮಾನ ಅದು. ಸೆಪ್ಟೆಂಬರಿನಲ್ಲಿ ಹೊಸದಾಗಿ ಬಂದ ಮಸೂದೆಯಲ್ಲಿ ಕಂಡದ್ದು 300, ಅಥವಾ ಸೂಕ್ತ ಸರ್ಕಾರ ಅಧಿಸೂಚಿಸುವ ಅದಕ್ಕೂ ಹೆಚ್ಚಿನ ಸಂಖ್ಯೆ. ಏರಿಕೆಯನ್ನು ತೆಗೆದುಕೊಂಡು ಕಾವಲನ್ನು ಕೈಬಿಡಲಾಯಿತು. ಅಷ್ಟೇ ಅಲ್ಲ, ಹೊಸ ಪದಗಳ ಪ್ರಕಾರ ಸಂಖ್ಯೆ ಮೇಲಕ್ಕೆ ಮಾತ್ರ ಹೋಗಬಲ್ಲದು. ಕೆಳಗಿಳಿಸಬೇಕೆಂದರೆ ಮತ್ತೆ ಕಾನೂನನ್ನೇ ತಿದ್ದಬೇಕು. ಇಂಥ ಅರ್ಧ ಸ್ವೀಕಾರವನ್ನು ಯಾವ ಲೆಕ್ಕದಲ್ಲಿ ಸೇರಿಸುವುದು? 174 ಎಂಬ ಅಂಕಿ ಈ ಪ್ರಶ್ನೆಗೆ ಉತ್ತರಿಸಲಾರದು.

ಮುಷ್ಕರದ ವಿಷಯದಲ್ಲೂ ಸಮಿತಿಯ ಮಾತು ನಡೆಯಲಿಲ್ಲ. 14 ದಿನಗಳ ಮುಂಚಿನ ನೋಟಿಸನ್ನು ನೀರು, ವಿದ್ಯುತ್ತು, ದೂರವಾಣಿಯಂಥ ಸಾರ್ವಜನಿಕ ಸೇವೆಗಳಿಗೆ ಸೀಮಿತಗೊಳಿಸಿ ಎಂದು ಅದು ಕೇಳಿತ್ತು. ಸಂಹಿತೆ ಎಲ್ಲ ಸಂಸ್ಥೆಗಳಿಗೂ ಅದನ್ನು ಅನ್ವಯಿಸಿತು. ಗುತ್ತಿಗೆ ಕಾರ್ಮಿಕರ ನೇಮಕದಲ್ಲಿ ಇನ್ನೊಂದು ಬಗೆಯ ಬದಲಾವಣೆ ಆಯಿತು. 2019ರ ಕರಡಿನಲ್ಲಿ 20 ಗುತ್ತಿಗೆ ಕಾರ್ಮಿಕರಿದ್ದರೆ ಸಾಕು, ನಿಯಮಗಳು ಅನ್ವಯಿಸುತ್ತಿದ್ದವು. 2020ರ ಮಸೂದೆ ಅದನ್ನು 50 ಮಾಡಿತು. ಹೀಗೆ ಬದಲಾದ ಮಸೂದೆಗಳು ಮತ್ತೆ ಸಮಿತಿಗೆ ಹೋಗಲಿಲ್ಲ. ಸಮಿತಿ ಓದಿದ ಪಠ್ಯ ಒಂದು, ಸದನ ಒಪ್ಪಿದ ಪಠ್ಯ ಇನ್ನೊಂದು.

ಸಮಿತಿಯ ಕೆಲಸದಲ್ಲಿ ಕೊರತೆ ಇರಲಿಲ್ಲ ಎಂದಲ್ಲ. ಮಿತಿಯನ್ನು 300ಕ್ಕೆ ಏರಿಸಲು ಅದು ಮುಖ್ಯವಾಗಿ ನೆಚ್ಚಿಕೊಂಡದ್ದು ರಾಜಸ್ಥಾನದಂಥ ರಾಜ್ಯಗಳ ಅನುಭವವನ್ನು. ಅಲ್ಲಿ ಉದ್ಯೋಗ ಹೆಚ್ಚಿದೆ, ಕಡಿತ ಕಡಿಮೆಯಾಗಿದೆ ಎಂಬುದು ಕಾರ್ಮಿಕ ಸಚಿವಾಲಯದ ಹೇಳಿಕೆ. ಯಾರ ಮಸೂದೆಯನ್ನು ಪರೀಕ್ಷಿಸಬೇಕೋ ಅವರ ಮಾತನ್ನೇ ಸಾಕ್ಷ್ಯವಾಗಿ ಸ್ವೀಕರಿಸುವುದು ಪರಿಶೀಲನೆಯನ್ನು ದುರ್ಬಲಗೊಳಿಸುತ್ತದೆ. 1993ರಲ್ಲಿ ಇಲಾಖಾವಾರು ಸಮಿತಿಗಳು ಶುರುವಾದಾಗಿನಿಂದ ಈ ತೊಡಕು ಇದೆ. 31 ಸದಸ್ಯರ ಸಮಿತಿಗೆ ಸ್ವಂತ ಸಂಶೋಧಕರ ಬಲ ಬಹಳ ಕಡಿಮೆ. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಂದೆಡೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನವೂ 2015ರ ನಂತರ ಸೇರಲಿಲ್ಲವಾದ್ದರಿಂದ, ಸಂಹಿತೆಗಳು ರೂಪುಗೊಂಡ ವರ್ಷಗಳಲ್ಲಿ ಸಮಿತಿಯ ಹೊರಗೂ ಅಂಥ ವಾದ-ಪ್ರತಿವಾದದ ವೇದಿಕೆ ಇರಲಿಲ್ಲ.

ಕರ್ನಾಟಕದ ಪಾಲಿಗೆ 77ನೇ ಕಲಮು ದೂರದ ವಿಷಯವಲ್ಲ. ಸಂಸತ್ತು ಸಂಹಿತೆಗಳಿಗೆ ಒಪ್ಪಿಗೆ ಕೊಟ್ಟ ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವೂ ಈ ಮಿತಿಯನ್ನು 100ರಿಂದ 300ಕ್ಕೆ ಏರಿಸುವ ತಿದ್ದುಪಡಿ ಮಸೂದೆ ತಂದಿತ್ತು. ಅದಕ್ಕೆ ಮೊದಲು ಸುಗ್ರೀವಾಜ್ಞೆ ಬಂದಿತ್ತು. ವಿಧಾನಸಭೆ ಒಪ್ಪಿತು. ಆಗ ವಿರೋಧ ಪಕ್ಷಗಳ ಬಹುಮತವಿದ್ದ ವಿಧಾನ ಪರಿಷತ್ತು ತಿರಸ್ಕರಿಸಿತು. ಪರಿಷತ್ತಿನ ನಿಲುವು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಒಂದು ಸದನ ಬೇಡ ಎನ್ನಬಲ್ಲದಾಗಿತ್ತು, ಎಂದಿತು. ಖಾಸಗಿ ಕಾರ್ಖಾನೆಗಳ ಮಟ್ಟಿಗೆ ಸಂಹಿತೆಯ ಸೂಕ್ತ ಸರ್ಕಾರವೆಂದರೆ ರಾಜ್ಯ ಸರ್ಕಾರ. 300ರ ಬದಲು 500 ಮಾಡಬೇಕು ಎಂದು ನಾಳೆ ಅದಕ್ಕೆ ಅನ್ನಿಸಿದರೆ ರಾಜ್ಯಪತ್ರದಲ್ಲಿ ಒಂದು ಪ್ರಕಟಣೆ ಸಾಕು. ಬೇಡ ಎನ್ನುವ ಅವಕಾಶ ವಿಧಾನಸಭೆಗೂ ಇಲ್ಲ, ಪರಿಷತ್ತಿಗೂ ಇಲ್ಲ. ಪೀಣ್ಯದ ಯಂತ್ರ ಕಾರ್ಖಾನೆಯಲ್ಲಾಗಲಿ, ರಾಮನಗರದ ಗಾರ್ಮೆಂಟ್ಸ್‌ನಲ್ಲಾಗಲಿ ನಾನೂರು ಜನರ ನಡುವೆ ದುಡಿಯುತ್ತಿರುವವರು ಅಂದು ಈ ರಕ್ಷಣೆಯಿಂದ ಹೊರಬಿದ್ದದ್ದನ್ನು ಕೆಲಸ ಕಳೆದುಕೊಂಡ ಮೇಲೆಯೇ ತಿಳಿಯಬೇಕಾದೀತು.

ಅಧಿಸೂಚನೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಈ ರಾಜ್ಯ ಹಿಂದೆಯೂ ಕಂಡಿದೆ. 2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಭವಿಷ್ಯನಿಧಿ ಯೋಜನೆಯನ್ನು ತಿದ್ದಿತು. ಕೆಲಸ ಬಿಟ್ಟವರು ಪಿಎಫ್‌ನಲ್ಲಿನ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬುದು ಅದರ ತಿರುಳು. ಮಗಳ ಮದುವೆ, ಊರಿನ ಸಾಲ, ಆಸ್ಪತ್ರೆ ಖರ್ಚು ಎಲ್ಲಕ್ಕೂ ಆ ದುಡ್ಡನ್ನೇ ನಂಬಿದ್ದ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಏಪ್ರಿಲ್ 18ರಂದು ಹೊಸೂರು ರಸ್ತೆಗಿಳಿದರು. ಮಾರನೆಯ ದಿನ ಪೀಣ್ಯ, ಜಾಲಹಳ್ಳಿಗೂ ಪ್ರತಿಭಟನೆ ಹಬ್ಬಿತು. ಬಸ್ಸುಗಳು ಸುಟ್ಟವು, ಲಾಠಿಗಳು ಬೀಸಿದವು. 19ರ ಸಂಜೆಯೊಳಗೆ ಸರ್ಕಾರ ತಿದ್ದುಪಡಿಯನ್ನು ಹಿಂತೆಗೆದುಕೊಂಡಿತು. ಇಂಥ ಯೋಜನೆಯನ್ನು ಸದನದ ಮುಂದೆ 30 ದಿನ ಇಡಬೇಕು, ಸದನ ಬಯಸಿದರೆ ರದ್ದು ಮಾಡಬಹುದು ಎಂಬ ವ್ಯವಸ್ಥೆ ಕಾಗದದ ಮೇಲಿದೆ. 1953ರಿಂದ ಲೋಕಸಭೆಗೆ ಅಧೀನ ಶಾಸನ ಸಮಿತಿಯೂ ಇದೆ. ಆದರೆ ಆ ಎರಡು ತಿಂಗಳಲ್ಲಿ ತಪ್ಪನ್ನು ತಿದ್ದಿಸಿದ್ದು ಯಾವ ಸಂಘದ ಕರೆಗೂ ಕಾಯದೆ ಹೊಲಿಗೆಯಂತ್ರ ಬಿಟ್ಟೆದ್ದ ಹೆಂಗಸರು.

2020ರ ಮೇ ತಿಂಗಳಲ್ಲಿ ಕರ್ನಾಟಕವೂ ಕಾರ್ಖಾನೆಗಳ ಕಾಯ್ದೆಯ ಐದನೇ ಕಲಮನ್ನು ಬಳಸಿ ದಿನದ ದುಡಿಮೆಯನ್ನು ಹತ್ತು ಗಂಟೆಗೆ ಏರಿಸುವ ಅಧಿಸೂಚನೆ ಹೊರಡಿಸಿತ್ತು. ಹೈಕೋರ್ಟ್ ಪ್ರಶ್ನಿಸಿದ ಮೇಲೆ ಜೂನ್‌ನಲ್ಲಿ ಹಿಂಪಡೆಯಿತು. ಗುಜರಾತಿನ ಇಂಥದೇ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಅಕ್ಟೋಬರ್ 1ರಂದು ರದ್ದುಪಡಿಸಿತು; ಸಾಂಕ್ರಾಮಿಕ ರೋಗ ತಂದ ಆರ್ಥಿಕ ಸಂಕಷ್ಟವು ಆ ಕಲಮು ಹೇಳುವ ಸಾರ್ವಜನಿಕ ತುರ್ತು ಸ್ಥಿತಿ ಆಗುವುದಿಲ್ಲ ಎಂಬುದು ತೀರ್ಪಿನ ಆಧಾರ. ನ್ಯಾಯಾಲಯಕ್ಕೆ ಹಿಡಿಯಲು ಒಂದು ಕೊಂಡಿ ಸಿಕ್ಕಿದ್ದು ಶಾಸನದಲ್ಲಿ ಶರತ್ತು ಇದ್ದುದರಿಂದ. 77ನೇ ಕಲಮಿನ ಅಧಿಕಾರಕ್ಕೆ ಅಂಥ ಶರತ್ತೂ ಇಲ್ಲ. ಯಾವ ಕಾರಣಕ್ಕೆ, ಯಾರನ್ನು ಕೇಳಿ, ಎಷ್ಟರವರೆಗೆ ಏರಿಸಬಹುದು ಎಂಬುದನ್ನು ಅದು ಹೇಳುವುದಿಲ್ಲ.

ಉದ್ಯಮಿಗಳ ವಾದವನ್ನೂ ತಳ್ಳಿಹಾಕಲಾಗದು. ನಷ್ಟದಲ್ಲಿರುವ ಘಟಕವನ್ನು ಅನುಮತಿಗಾಗಿ ವರ್ಷಗಟ್ಟಲೆ ನಡೆಸುವ ಹೊರೆ ನಿಜ. ಮಿತಿಯ ಕೆಳಗೇ ಉಳಿಯಲು ಕಾರ್ಖಾನೆಗಳು ಬೆಳೆಯದೆ ನಿಲ್ಲುತ್ತವೆ, ಇಲ್ಲವೇ ಗುತ್ತಿಗೆ ಆಳುಗಳನ್ನು ತುಂಬಿಕೊಳ್ಳುತ್ತವೆ ಎಂಬುದೂ ನಿಜ. 2002ರಲ್ಲಿ ವರದಿ ಕೊಟ್ಟ ಎರಡನೇ ರಾಷ್ಟ್ರೀಯ ಕಾರ್ಮಿಕ ಆಯೋಗ ಚದುರಿದ ಕಾನೂನುಗಳನ್ನು ಒಂದುಗೂಡಿಸಿ ಎಂದದ್ದಕ್ಕೆ ಸಕಾರಣಗಳಿದ್ದವು. ಆದರೆ ಉದ್ಯಮಕ್ಕೂ ಬೇಕಾದದ್ದು ನಾಳೆ ಬದಲಾಗದ ಅಂಕಿ. ಸರ್ಕಾರ ಬದಲಾದಾಗಲೆಲ್ಲ, ರಾಜ್ಯದಿಂದ ರಾಜ್ಯಕ್ಕೆ ಅಧಿಸೂಚನೆಯಲ್ಲಿ ಸರಿದಾಡುವ ಮಿತಿ ಯಾರಿಗೂ ಭರವಸೆ ಕೊಡಲಾರದು.

ಸಮಿತಿ 2020ರಲ್ಲಿ ಕೇಳಿದ್ದನ್ನು ಈಗಲೂ ಮಾಡಬಹುದು. 77ನೇ ಕಲಮಿನಿಂದ ಅಧಿಸೂಚನೆಯ ಮಾತನ್ನು ತೆಗೆಯಲು ಸಂಸತ್ತಿನ ಒಂದು ಚಿಕ್ಕ ತಿದ್ದುಪಡಿ ಸಾಕು. ಅಲ್ಲಿಯವರೆಗೆ, ಮಿತಿಯನ್ನು ಏರಿಸುವ ಯಾವುದೇ ಪ್ರಸ್ತಾವವನ್ನು ಪ್ರಕಟಣೆಗೆ ಮೊದಲು ಉಭಯ ಸದನಗಳ ಮುಂದಿಟ್ಟು, ಕಾರ್ಮಿಕ ಸಂಘಗಳ ಹಾಗೂ ಉದ್ಯಮಿಗಳ ಹೇಳಿಕೆ ಪಡೆದು, ಮತಕ್ಕೆ ಹಾಕುತ್ತೇವೆಂದು ಕರ್ನಾಟಕ ಸರ್ಕಾರ ಮಾತು ಕೊಡಬಹುದು. ಇದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ, ಸಂಹಿತೆಯಲ್ಲಿ ಅಡ್ಡಿಯೂ ಇಲ್ಲ.